ಕೆಂಪು ಗೆರೆಯ ಕೆಳಗೆ

ಆರೋಗ್ಯ ವಿಮಾ ಮಂಡಳಿಯವರು ಮನುಷ್ಯನ ಆಸೆಯನ್ನು ಅಳೆಯುವ ಯಂತ್ರ ತಂದಾಗ ಮೊದಲು ಸಿಕ್ಕಿಬಿದ್ದವು ಮೂಗುಗಳು. ಹೃದಯದ ಆಪರೇಷನ್ನನ್ನು ಯಾರೂ ಚಂದ ಕಾಣಲಿಕ್ಕೆ ಮಾಡಿಸಿಕೊಳ್ಳುವುದಿಲ್ಲ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಯಾರೂ ಫೋಟೋ ಹೊಡೆಸಿಕೊಳ್ಳುವುದಿಲ್ಲ. ಮೂಗು ಹಾಗಲ್ಲ. ಅದು ಉಸಿರಾಡಲಿಕ್ಕೂ ಬೇಕು, ಮುಖದ ನಟ್ಟನಡುವೆ ಕುಳಿತು ನಾಲ್ಕು ಜನರಿಗೆ ಕಾಣಲಿಕ್ಕೂ ಬೇಕು. ಉಸಿರಿಗಾಗಿ ಸರಿಪಡಿಸಿಕೊಂಡರೆ ಚಿಕಿತ್ಸೆ, ವಿಮೆ ಕೊಡುತ್ತದೆ. ಚಂದಕ್ಕಾಗಿ ಸರಿಪಡಿಸಿಕೊಂಡರೆ ಶೋಕಿ, ಕೊಡುವುದಿಲ್ಲ. ಈ ನಿಯಮ ಹಳೆಯದೇ. ಆದರೆ ಒಂದೇ ಮೂಗಿನಲ್ಲಿ ಎರಡೂ ಇದ್ದರೆ ಯಾವುದು ಎಷ್ಟು ಅಂತ ಹೇಳುವವರು ಯಾರು? ಡಾಕ್ಟರರು ಹೇಳುತ್ತಿದ್ದರು, ಮಂಡಳಿ ಅವರನ್ನು ನಂಬಲಿಲ್ಲ. ಸ್ಕ್ಯಾನ್ ಹೇಳುತ್ತಿತ್ತು, ಸ್ಕ್ಯಾನಿಗೆ ಮನಸ್ಸಿನೊಳಗಿನದು ಕಾಣುವುದಿಲ್ಲ ಎಂದರು. ಕೊನೆಗೆ ಅಪೇಕ್ಷಾಮಾಪಕ ಬಂತು. ನಮ್ಮ ಗದಗ-ಬೆಟಗೇರಿಯ ಜನ ಅದರ ಹೆಸರನ್ನು ಬಂದ ವಾರದಲ್ಲೇ ಆಸಿ ಮಷೀನ್ ಮಾಡಿದರು.

ಯಂತ್ರ ದೊಡ್ಡದೇನಲ್ಲ. ಹಣೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಕಣ್ಣಿನ ಪಾಪೆ ನೋಡುವ ಕ್ಯಾಮೆರಾ, ಎದುರಿಗೊಂದು ಪರದೆ. ಬೇಕಾದದ್ದನ್ನು ಕಂಡಾಗ ಮನುಷ್ಯನ ಮಿದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದಂತೆ. ಪಾಪೆ ಹಿಗ್ಗುತ್ತದೆ, ಬೆರಳ ತುದಿ ಬೆವರುತ್ತದೆ. ಮೂರೂ ಒಟ್ಟಿಗೆ ಆದರೆ ಅದು ಆಸೆ, ಅದರ ಏರಿಳಿತವನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ. ಅದನ್ನು ಬೇಕೆಂದು ಹುಟ್ಟಿಸಲಿಕ್ಕೂ ಬರುವುದಿಲ್ಲ, ಮುಚ್ಚಿಡಲಿಕ್ಕೂ ಬರುವುದಿಲ್ಲ ಎಂದು ಕಂಡುಹಿಡಿದವರು ಹೇಳಿದ್ದರು. ಪರದೆಯ ಮೇಲೆ ಯಾರ್ಯಾರದೋ ಮುಖ ಬರುತ್ತದೆ, ಕುರ್ಚಿ ಬರುತ್ತದೆ, ಬಕೆಟ್ಟು ಬರುತ್ತದೆ. ನಡುವೆ ಒಮ್ಮೆ, ಆಪರೇಷನ್ ಆದ ಮೇಲೆ ನಮ್ಮ ಮುಖ ಹೇಗಿರುತ್ತದೋ ಅದನ್ನು ಕಂಪ್ಯೂಟರ್ ಬರೆದು ತೋರಿಸುತ್ತದೆ. ಆಗ ನಮ್ಮ ಗೆರೆ ಮೇಲೆದ್ದು ಮಂಡಳಿ ಎಳೆದಿಟ್ಟ ಕೆಂಪು ಗೆರೆಯನ್ನು ದಾಟಿತೋ, ನಮಗೆ ಚಂದದ ಆಸೆ ಇದೆ ಎಂದರ್ಥ. ದಾಟದಿದ್ದರೆ, ಪಾಪ, ಇವರಿಗೆ ಉಸಿರಷ್ಟೇ ಸಾಕು ಎಂದರ್ಥ. ನಮ್ಮ ಓಣಿಯ ನಿವೃತ್ತ ತಹಸೀಲ್ದಾರರೊಬ್ಬರು ದಾಟಿ ನಪಾಸಾಗಿ ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಬರಲಿಲ್ಲ.

ನನ್ನ ಹೆಸರು ನೀಲಗಂಗಾ. ಗದಗಿನ ಗುಡ್ಡದ ಮೇಲಿನ ಗಾಳಿಯಂತ್ರಗಳ ನಿಯಂತ್ರಣ ಕೊಠಡಿಯಲ್ಲಿ ನನ್ನ ಕೆಲಸ. ಯಾವ ಕಂಬಕ್ಕೆ ಎಷ್ಟು ಗಾಳಿ ಬಡಿಯುತ್ತಿದೆ ಎಂದು ದಿನವಿಡೀ ಪರದೆ ನೋಡುವುದು. ಇಡೀ ಜಿಲ್ಲೆಯ ಗಾಳಿಯ ಮೇಲೆ ಕಣ್ಣಿಡುವವಳಿಗೆ ಮೂಗಿನಲ್ಲಿ ಗಾಳಿ ಆಡುವುದಿಲ್ಲ ಎಂದು ಜೊತೆಯವರು ಚಾಷ್ಟಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ, ಬಾಯಿ ಹೇಗೂ ತೆರೆದೇ ಇರುತ್ತಿತ್ತು.

ಮೂಗು ಮುರಿದದ್ದು ಕಬಡ್ಡಿಯಲ್ಲಿ. ಅವ್ವ ಡೆಂಗ್ಯೂ ಬಂದು ತೀರಿಹೋದ ತಿಂಗಳು ಅದು. ಮನೆ ತುಂಬ ನೆಂಟರು, ಅಳುವವರು, ಅಳುವವರನ್ನು ನೋಡಲು ಬಂದವರು. ತಡೆಯಲಾರದೆ ಕಾಲೇಜಿನ ಮೈದಾನಕ್ಕೆ ಓಡಿಹೋಗಿ ಆಡಿದೆ. ಎದುರಾಳಿಯ ಮೊಣಕಾಲು ನೇರ ಮುಖಕ್ಕೆ ಬಂತು. ರಕ್ತ ನಿಂತಿತು, ಬಾವು ಇಳಿಯಿತು, ಆ ಮನೆಯಲ್ಲಿ ಆಗ ಯಾರಿಗೆ ಯಾರ ಮೂಗು ನೋಡುವ ವ್ಯವಧಾನವಿತ್ತು? ಅದು ತನ್ನಷ್ಟಕ್ಕೆ ಕೂಡಿಕೊಂಡಿತು, ಎಡಕ್ಕೆ ತಿರುಗಿ, ಮೇಲೆ ಒಂದು ತಗ್ಗು ಬಿದ್ದು. ಒಳಗಿನ ನಡುಗೋಡೆ ಇನ್ನೂ ಕೆಟ್ಟದಾಗಿ ಮಡಚಿಕೊಂಡಿತ್ತು. ಊಟ ಮಾಡುವಾಗ ಅಗಿಯಬೇಕೋ ಉಸಿರಾಡಬೇಕೋ ಎಂದು ಆರಿಸಿಕೊಳ್ಳಬೇಕಾಗುತ್ತಿತ್ತು. ಆರು ವರ್ಷ ಹಾಗೇ ನಡೆಸಿದೆ. ಆಮೇಲೆ ಕಾಲು ಬಾತವು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರತೊಡಗಿತು. ಮುಳಗುಂದ ಡಾಕ್ಟರ್ ಪರೀಕ್ಷೆ ಮಾಡಿ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೃದಯದ ಬಲಭಾಗ ದಣಿದಿದೆ, ಇನ್ನೊಂದು ವರ್ಷ ಬಿಟ್ಟರೆ ಮೂಗು ಸರಿಮಾಡಿಯೂ ಪ್ರಯೋಜನವಿಲ್ಲ ಎಂದರು. ಒಳಗಿನ ಗೋಡೆ ಎಬ್ಬಿಸಬೇಕಾದರೆ ಮೇಲಿನ ಎಲುಬನ್ನೂ ಮುರಿದು ಕೂಡಿಸಲೇಬೇಕು. ಹಾಗೆ ಮಾಡಿದರೆ ಮೂಗು ಮೊದಲಿನಂತೆ ನೆಟ್ಟಗೆ ಬಂದೇ ಬರುತ್ತದೆ, ಅದನ್ನು ತಪ್ಪಿಸಲಿಕ್ಕೆ ತಮ್ಮ ಕೈಲಿ ಆಗುವುದಿಲ್ಲ ಎಂದು ತಪ್ಪು ಮಾಡಿದವರ ಹಾಗೆ ಹೇಳಿದರು. ಅಷ್ಟು ಖರ್ಚನ್ನು ಕೈಯಿಂದ ಹಾಕುವ ಮಾತು ನಮ್ಮಂಥ ಮನೆಯಲ್ಲಿ ಬರುವುದಿಲ್ಲ. ವಿಮೆಯೇ ಕೊಡಬೇಕು, ವಿಮೆ ಕೊಡಬೇಕಾದರೆ ಆಸಿ ಮಷೀನಿನ ಮುಂದೆ ಕೂಡಬೇಕು.

ಮಂಡಳಿಯ ಕೇಂದ್ರ ರೈಲ್ವೆ ಸ್ಟೇಶನ್ ರಸ್ತೆಯಲ್ಲಿತ್ತು. ಯಂತ್ರ ನಡೆಸುವವಳು ಪರ್ವೀನ್, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಾಜಿನ ಆಚೆ ಕುಳಿತು ಮೈಕಿನಲ್ಲಿ ಮಾತಾಡುತ್ತಾಳೆ. ನಾನು ಹೆದರಿರಲಿಲ್ಲ. ಚಂದ ಕಾಣಬೇಕೆಂಬ ಹಂಬಲ ನನಗೆ ನಿಜವಾಗಿಯೂ ಇರಲಿಲ್ಲ, ಆ ಸೊಟ್ಟ ಮೂಗಿನ ಜೊತೆ ನನ್ನ ರಾಜಿ ಆಗಿಹೋಗಿತ್ತು. ಯಾರದೋ ಮುಖ ಬಂತು, ಹೋಯಿತು. ಬಕೆಟ್ಟು ಬಂತು, ಹೋಯಿತು. ಆಮೇಲೆ ಪರದೆಯ ಮೇಲೆ ಅವ್ವ ಬಂದಳು.

ಅವ್ವನೇ. ಸಣ್ಣವಳಿದ್ದಾಗ ನನ್ನ ಮೂಗು ಹಿಂಡಿ, ‘ನನ್ನ ಮೂಗ ಕದ್ದಾಳ ನೋಡ್ರಿ ಈಕಿ’ ಎಂದು ಬಂದವರಿಗೆಲ್ಲ ದೂರು ಹೇಳುತ್ತಿದ್ದವಳು. ನನ್ನ ಮೂಗು ನೆಟ್ಟಗಾದರೆ ನಾನು ಅವಳಾಗುತ್ತೇನೆ ಎನ್ನುವುದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಆರು ವರ್ಷದಿಂದ ಕನ್ನಡಿಯಲ್ಲಿ ಬೇರೆ ಯಾರನ್ನೋ ನೋಡುತ್ತಿದ್ದ ನನಗೆ ಏನಾಯಿತೆಂದು ಹೇಳಲು ಬರುವುದಿಲ್ಲ. ಕುರ್ಚಿಯಿಂದ ಅರ್ಧ ಎದ್ದಿದ್ದೆನಂತೆ. ಬೆರಳಿನ ಕ್ಲಿಪ್ಪು ಕಿತ್ತು ಬಂದಿತ್ತು. ಗೆರೆ ಕೆಂಪು ಗೆರೆಯನ್ನು ದಾಟಿ ಪರದೆಯ ಅಂಚಿಗೆ ಹೋಗಿ ನಿಂತಿತು.

‘ಸೌಂದರ್ಯದ ಅಪೇಕ್ಷೆ ತೀವ್ರವಾಗಿದೆ, ಅರ್ಜಿ ತಿರಸ್ಕೃತ’ ಎಂದು ಯಂತ್ರ ಬರೆಯಿತು. ಅದು ನನ್ನ ಚಂದದ ಆಸೆಯಲ್ಲ, ಸತ್ತ ತಾಯಿಯ ಮುಖ ಎಂದು ನಾನೂ ಜೊತೆಗೆ ಬಂದಿದ್ದ ಅಪ್ಪನೂ ಪರ್ವೀನಳಿಗೆ ಹೇಳಿದೆವು. ಅವಳಿಗೆ ಅರ್ಥವಾಯಿತು, ಕಣ್ಣಲ್ಲಿ ನೀರೂ ಬಂತು. ಆದರೆ ಯಂತ್ರದಲ್ಲಿ ಆಸೆಗೆ ಒಂದೇ ಖಾನೆ ಇತ್ತು. ಮೂರು ತಿಂಗಳ ನಂತರ ಮರುಪರೀಕ್ಷೆಗೆ ಅವಕಾಶವಿದೆ, ಅದೂ ಒಂದೇ ಸಲ, ಅಷ್ಟರೊಳಗೆ ಆ ಮುಖ ನೋಡಿ ನೋಡಿ ರೂಢಿ ಮಾಡಿಕೊಳ್ಳಿ ಎಂದು ಮೈಕು ಬಂದ್ ಮಾಡಿ ಬಾಗಿಲಿಗೆ ಬಂದು ಹೇಳಿದಳು. ಆ ಚಿತ್ರ ಕೊಡುತ್ತೀರಾ ಎಂದರೆ ನಿಯಮವಿಲ್ಲ ಎಂದಳು.

ನನ್ನ ಅಪ್ಪ ಮುರಿಗೆಪ್ಪ, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಜಗತ್ತಿನ ಎಲ್ಲ ಸಮಸ್ಯೆಗೂ ಅವನ ಹತ್ತಿರ ಇದ್ದದ್ದು ಒಂದೇ ಔಷಧ: ಪ್ರಾಕ್ಟೀಸು. ಹೆದರುಪುಕ್ಕಲ ಹುಡುಗರನ್ನು ದಿನಾ ಎದುರಾಳಿ ಅಂಕಣಕ್ಕೆ ತಳ್ಳಿ ತಳ್ಳಿ ಜಿಲ್ಲಾ ಮಟ್ಟಕ್ಕೆ ಒಯ್ದವನು. ಪರೀಕ್ಷೆಯಲ್ಲಿ ಸೋತ ಮಗಳನ್ನು ಏನು ಮಾಡಬೇಕೆಂದು ಅವನಿಗೆ ದಾರಿಯಲ್ಲೇ ಹೊಳೆದಿತ್ತು. ಮನೆಗೆ ಬಂದವನೇ ಸ್ಟೂಲು ಹಾಕಿ ಪಡಸಾಲೆಯ ಗೋಡೆಯಿಂದ ಅವ್ವನ ಫೋಟೋ ಇಳಿಸಿದ. ಗಂಧದ ಹಾರ ತೆಗೆದ, ಗಾಜಿನ ಮೇಲಿನ ವಿಭೂತಿ ಕುಂಕುಮ ಒರೆಸಿದ, ಊಟದ ಜಾಗದ ಎದುರಿನ ಕುರ್ಚಿಯಲ್ಲಿ ಕೂರಿಸಿದ.

‘ದಿನಾ ಮುಂಜಾನಿ, ಸಂಜಿಕೆ. ಸೀಟಿ ಹೊಡದಾಗ ಶುರು, ಸೀಟಿ ಹೊಡದಾಗ ಬಂದ್’ ಎಂದ.

ಓಟದ ಹುಡುಗರ ಎದೆಗೆ ಕಟ್ಟಿ ನಾಡಿ ನೋಡುವ ಪಟ್ಟಿಗಳು ಶಾಲೆಯಲ್ಲಿದ್ದವು. ಎರಡು ತಂದ. ಒಂದು ನನಗೆ, ಒಂದು ತನಗೆ. ತಾನು ಮಾಡದ ಕಸರತ್ತನ್ನು ಮಕ್ಕಳಿಂದ ಮಾಡಿಸಬಾರದು ಎನ್ನುವುದು ಅವನ ನೇಮ. ಮೊದಲ ವಾರ ಫೋಟೋಕ್ಕೆ ಟವೆಲ್ ಮುಚ್ಚಿ ಬರೀ ಗದ್ದ ತೋರಿಸಿದ. ಆಮೇಲೆ ಬಾಯಿ. ಆಮೇಲೆ ಮೂಗು. ಕಣ್ಣಿಗೆ ಬಂದಾಗ ನನಗಿಂತ ಅವನ ನಾಡಿಯೇ ಹೆಚ್ಚು ಓಡಿತು. ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಮತ್ತೆ ಸೀಟಿ ಹೊಡೆದ. ನನಗೆ ನಗು ಬಂತು, ಅವನಿಗೂ ಬಂತು. ಆ ಹೊತ್ತು ಅದೆಲ್ಲ ಒಂದು ಆಟದ ಹಾಗೆ ಇತ್ತು.

ನೋಡುವುದು ರೂಢಿಯಾದ ಮೇಲೆ ನೆನಪುಗಳ ಸರದಿ ಬಂತು. ಮುಖ ಒಂದೇ ಸಾಲದು, ಮುಖದ ಹಿಂದೆ ಬರುವುದನ್ನೆಲ್ಲ ಸವೆಸಬೇಕು ಎಂದು ಅಪ್ಪ ಲೆಕ್ಕ ಹಾಕಿದ್ದ. ದಿನಕ್ಕೊಂದು ನೆನಪು, ಅದನ್ನೇ ಹತ್ತು ಸಲ ಗಟ್ಟಿಯಾಗಿ ಹೇಳಬೇಕು. ಅವ್ವ ಒಗ್ಗರಣೆ ಹಾಕುವಾಗ ಸೀನಿ ಸೀನಿ ಸಿಟ್ಟಾಗಿ ಸೌಟು ಎಸೆದದ್ದು. ನನ್ನ ಶಾಲೆಯ ಗ್ಯಾದರಿಂಗಿನಲ್ಲಿ ನಾನು ನಾಟಕದ ಮಾತು ಮರೆತಾಗ ಸಭೆಯಿಂದಲೇ ಎದ್ದು ನಿಂತು ಮುಂದಿನ ಸಾಲು ಹೇಳಿದ್ದು. ಆಸ್ಪತ್ರೆಯಲ್ಲಿ ಕೊನೆಯ ದಿನ ನನ್ನ ಜಡೆ ಹಾಕಲು ಹೋಗಿ ಕೈ ಸೋತು ಅರ್ಧಕ್ಕೆ ಬಿಟ್ಟದ್ದು. ಮೊದಲ ಸಲ ಹೇಳುವಾಗ ನಡುನಡುವೆ ನಿಲ್ಲಿಸಿ ನೀರು ಕುಡಿಯುತ್ತಿದ್ದೆ. ನಾಲ್ಕನೆಯ ಸಲಕ್ಕೆ ಸಲೀಸು. ಹತ್ತನೆಯ ಸಲಕ್ಕೆ ಅದು ಮಗ್ಗಿ. ನಾನು ನನ್ನವು ಹೇಳಿದ ಮೇಲೆ ಅಪ್ಪ ತನ್ನವು ಹೇಳುತ್ತಿದ್ದ. ಮದುವೆಗೆ ಮೊದಲು ಅವಳನ್ನು ನೋಡಲು ಬೇರೆ ನೆವ ಮಾಡಿಕೊಂಡು ಬೆಟಗೇರಿಯ ಸಂತೆಗೆ ಹೋದದ್ದನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಹತ್ತು ಸಲ ಕೇಳಿದೆ. ಈಗ ಕೇಳಿದರೆ ಅದರಲ್ಲಿ ಏನಿತ್ತು ಅಂತ ನಾನು ಹೇಳಬಲ್ಲೆ, ಅದು ಯಾಕೆ ಚೆನ್ನಾಗಿತ್ತು ಅಂತ ಹೇಳಲಾರೆ.

ನಾಡಿಯ ಗೆರೆಗಳು ಇಳಿಯತೊಡಗಿದವು. ಅಪ್ಪ ಖುಷಿಯಾಗಿ ನನಗೆ ಗಿರ್ಮಿಟ್ ತರಿಸಿಕೊಟ್ಟ. ನಾವು ಅವ್ವನ ಎದುರಿಗೆ ಕೂತು, ಅವಳತ್ತ ನೋಡುತ್ತ, ರಸ್ತೆ ಅಗೆದು ಹಾಳು ಮಾಡಿದ ನಗರಸಭೆಯವರನ್ನು ಬೈಯುತ್ತ ತಿಂದೆವು.

ಒಂದು ದಿನ ಇಳಕಲ್ಲಿನಿಂದ ಚಿಗವ್ವನ ಫೋನು ಬಂತು. ಕಲಾವತಿ ಚಿಗವ್ವ ಅವ್ವನ ತಂಗಿ, ನಮಗೆ ಉಳಿದ ಹತ್ತಿರದವಳು ಅವಳೊಬ್ಬಳೇ. ಅವ್ವನಿಗೆ ಅಮವಾಸ್ಯೆಯ ಎಡೆ ಇಟ್ಟಿರಾ, ಹೋಳಿಗೆ ಮಾಡಿದಿರಾ ಎಂದು ಕೇಳಿದಳು. ಅಮವಾಸ್ಯೆ ಹಿಂದಿನ ದಿನವೇ ಆಗಿಹೋಗಿತ್ತು. ಆರು ವರ್ಷದಲ್ಲಿ ಒಂದು ಅಮವಾಸ್ಯೆಯೂ ನಾವು ತಪ್ಪಿಸಿದವರಲ್ಲ. ಇಟ್ಟೆವು ಎಂದು ಸುಳ್ಳು ಹೇಳಿ ಫೋನಿಟ್ಟೆ. ಸುಳ್ಳು ಹೇಳಿದ್ದಕ್ಕೆ ಬೇಜಾರಾಗಲಿಲ್ಲ. ಮರೆತದ್ದಕ್ಕೂ ಆಗಲಿಲ್ಲ. ಬೇಜಾರಾಗಲಿಲ್ಲವಲ್ಲ ಎನ್ನುವುದು ಮಾತ್ರ ಹಲ್ಲಿಗೆ ಸಿಕ್ಕ ಹರಳಿನ ಹಾಗೆ ಸ್ವಲ್ಪ ಹೊತ್ತು ಇತ್ತು.

ಅವತ್ತು ಸಂಜೆ ಅಪ್ಪ ಸೀಟಿ ಬಾಯಿಗಿಟ್ಟುಕೊಂಡಾಗ ನಾನು ಕೂರಲಿಲ್ಲ. ‘ಸಾಕಪ್ಪ. ಆಪರೇಷನ್ ಬ್ಯಾಡ. ಹಿಂಗ ಇದ್ದಷ್ಟ ದಿನ ಇರ್ತೀನಿ. ಅವ್ವ ಪೂರಾ ಹೊಂಟಾಳ’ ಎಂದೆ.

ಅವನು ಸೀಟಿ ತೆಗೆದು ಕಿಸೆಗೆ ಹಾಕಿಕೊಂಡ. ತುಂಬ ಹೊತ್ತು ಫೋಟೋ ನೋಡಿದ. ಅವನ ಎದೆಯ ಪಟ್ಟಿಯ ಅಂಕಿ ಅಲುಗಲಿಲ್ಲ, ನಾನು ನೋಡಿದೆ.

‘ಆಕೀ ಉಸರು ನಿಂತದ್ದು ಈ ಕಣ್ಣಲೇ ನೋಡೀನಿ’ ಎಂದ. ‘ಇನ್ನೊಂದು ಸಲ ನೋಡೂದಿಲ್ಲ. ಆಕಿ ಹೋದ್ರ ಹೋಗ್ಲಿ, ನೀ ಕುಂದ್ರು.’

ಕೂತೆ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಇಲ್ಲವೇ ಪ್ರೀತಿ ಉಕ್ಕಬೇಕಿತ್ತು. ಎರಡೂ ಆಗಲಿಲ್ಲ. ಸೀಟಿ ಹೊಡೆದ, ಶುರು ಮಾಡಿದೆ.

ಮರುಪರೀಕ್ಷೆಗೆ ಹೋದಾಗ ಪರ್ವೀನ್ ನನಗಿಂತ ಹೆಚ್ಚು ಗಾಬರಿಯಲ್ಲಿದ್ದಳು. ಹಣೆಯ ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿದಳು. ಯಾರದೋ ಮುಖ ಬಂತು. ಕುರ್ಚಿ ಬಂತು. ಅವ್ವ ಬಂದಳು, ನನ್ನ ಕೂದಲು, ನನ್ನ ಅಂಗಿಯಲ್ಲಿ. ಹುಬ್ಬಿನ ಹತ್ತಿರ ಕಂಪ್ಯೂಟರ್ ಸ್ವಲ್ಪ ತಪ್ಪು ಬರೆದಿದೆ ಎಂದು ಅನ್ನಿಸಿತು, ಅಷ್ಟೇ. ಆಮೇಲೆ ಬಕೆಟ್ಟು ಬಂತು. ಗೆರೆ ಉದ್ದಕ್ಕೂ ಕೆಂಪು ಗೆರೆಯ ಕೆಳಗೆ ನಮ್ಮ ಕಡೆಯ ಎರೆಹೊಲದ ಹಾಗೆ ಸಪಾಟಾಗಿ ಮಲಗಿತ್ತು.

ಪರ್ವೀನ್ ಗಾಜಿನ ಆಚೆಯಿಂದ ಎದ್ದು ಒಳಗೇ ಬಂದಳು. ಇಷ್ಟು ಸಪಾಟು ಗೆರೆ ತಾನು ನೋಡಿಲ್ಲ, ಬಕೆಟ್ಟಿಗೂ ತಾಯಿಗೂ ಒಂದೇ ಎತ್ತರ ಬಂದಿದೆ ಎಂದಳು. ಒಂದು ಸಣ್ಣ ತೊಡಕೂ ಆಗಿತ್ತು. ಆಸೆ ಇಷ್ಟು ಕಡಿಮೆ ಇರುವವರಿಗೆ ಚಿಕಿತ್ಸೆಯೇ ಬೇಡವಾಗಿರಬಹುದು ಎಂದು ಯಂತ್ರಕ್ಕೆ ಸಂಶಯ ಬಂದು, ‘ಅರ್ಜಿದಾರರಿಗೆ ಗುಣವಾಗುವ ಇಚ್ಛೆ ಇದೆಯೇ?’ ಎಂದು ಕೇಳುತ್ತಿತ್ತು. ಪರ್ವೀನ್ ನನ್ನತ್ತ ನೋಡಿದಳು. ನಾನು ಅಪ್ಪನತ್ತ ನೋಡಿದೆ. ‘ಐತ್ರೀ’ ಎಂದು ಅಪ್ಪ ಹೇಳಿದ. ಅವಳು ಹೌದು ಎಂದು ಒತ್ತಿದಳು. ವಿಮೆ ಮಂಜೂರಾಯಿತು.

ಆಪರೇಷನ್ ಹುಬ್ಬಳ್ಳಿಯಲ್ಲಿ ಆಯಿತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಮುಳಗುಂದ ಡಾಕ್ಟರರ ಕೈ ಒಳ್ಳೆಯದು. ಮೂಗಿನೊಳಗಿನ ಬತ್ತಿ ತೆಗೆದ ದಿನ ಗಾಳಿ ಎರಡೂ ಹೊಳ್ಳೆಯಿಂದ ಒಟ್ಟಿಗೆ ಬಂತು, ತಣ್ಣಗೆ, ಕಣ್ಣಿನ ಹಿಂದಿನವರೆಗೆ. ಇಷ್ಟು ಗಾಳಿ ಜನ ಪುಕ್ಕಟೆ ತಗೊಳ್ಳುತ್ತಿದ್ದಾರಲ್ಲ ಎಂದು ಆಶ್ಚರ್ಯವಾಯಿತು. ಫಿನಾಯಿಲ್ ವಾಸನೆ ಬಂತು, ಪಕ್ಕದ ಹಾಸಿಗೆಯವರ ಸಾರಿನ ವಾಸನೆ ಬಂತು. ಆ ರಾತ್ರಿ ಬಾಯಿ ಮುಚ್ಚಿ ನಿದ್ದೆ ಮಾಡಿದೆ. ಕೆಲವೇ ವಾರಗಳಲ್ಲಿ ಕಾಲಿನ ಬಾವು ಇಳಿಯಿತು. ಇದನ್ನು ಹೇಳಲೇಬೇಕು, ಯಾಕೆಂದರೆ ನಾನು ಇವತ್ತು ಬದುಕಿರುವುದು ಅದರಿಂದ. ಗುಡ್ಡದ ಮೆಟ್ಟಿಲನ್ನು ಈಗ ಮಾತಾಡುತ್ತಲೇ ಹತ್ತುತ್ತೇನೆ.

ಮುಖದ ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಅಪ್ಪ ನನ್ನ ಮುಖವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಗಾಯಗೊಂಡ ಆಟಗಾರನನ್ನು ಹಾಗೇ ನೋಡುತ್ತಿದ್ದ. ಹೊಲಿಗೆ ಚಲೋ ಕೂಡಿದೆ ಎಂದ. ಮತ್ತೇನಾದರೂ ಹೇಳುತ್ತಾನೇನೋ ಎಂದು ಕಾದೆ. ಚಹಾಕ್ಕೆ ಹಾಲು ಇಲ್ಲವೆಂದು ಅಂಗಡಿಗೆ ಹೋದ.

ದೀಪಾವಳಿಗೆ ಒಂದು ವಾರ ಮೊದಲು ಚಿಗವ್ವ ಬಂದಳು. ಆಪರೇಷನ್ ಆಗಿದೆ ಎಂದಷ್ಟೇ ಅವಳಿಗೆ ಗೊತ್ತು, ಫೋಟೋ ಕಳಿಸುವುದು ನಮಗೆ ಹೊಳೆದಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲು. ಬಾಗಿಲು ಬಡಿದಳು, ನಾನೇ ತೆಗೆದೆ. ಕೈಯಲ್ಲಿದ್ದ ಚೀಲ ಬಿಟ್ಟಳು, ಚಕ್ಕಲಿ ಡಬ್ಬಿ ಉರುಳಿ ಮೆಟ್ಟಿಲ ಕೆಳಗೆ ಹೋಯಿತು.

‘ಅಕ್ಕಾ’ ಎಂದಳು.

ಆಮೇಲೆ ಅವಳು ಅತ್ತಂಥ ಅಳುವನ್ನು ಅವ್ವ ಸತ್ತಾಗಲೂ ನಾನು ಕೇಳಿರಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಗು ಮುಟ್ಟಿದಳು, ಹಣೆ ಮುಟ್ಟಿದಳು, ನನ್ನ ಹೆಗಲ ಮೇಲೆ ತಲೆಯಿಟ್ಟು, ಸಣ್ಣವರಿದ್ದಾಗ ಅಕ್ಕ ಹೇಗೆ ತಂಗಿಗೆ ಬೀಳುವ ಹೊಡೆತ ತಾನು ತಿಂದಳು, ತಂಗಿಯ ಬಾಣಂತನದಲ್ಲಿ ಹೇಗೆ ಕಾಲು ಒತ್ತಿದಳು ಎಂದು ಹಾಡಿ ಹಾಡಿ ಅತ್ತಳು. ಬಾಗಿಲಿನಿಂದ ಪಡಸಾಲೆಗೆ ಕರೆತಂದು ಕೂರಿಸಿದೆ. ಬೆನ್ನು ಸವರಿದೆ. ಪರಿಚಯವಿಲ್ಲದ ಮನೆಯ ಸಾವಿಗೆ ಹೋದಾಗ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲವಲ್ಲ, ಹಾಗೆ ಸವರಿದೆ. ನನ್ನ ಹೊಸ ಮೂಗಿಗೆ ಅವಳ ಸೀರೆಯ ವಾಸನೆ, ತಲೆಯ ಎಣ್ಣೆಯ ವಾಸನೆ, ಬಸ್ಸಿನ ಧೂಳಿನ ವಾಸನೆ ಬರುತ್ತಿದ್ದವು. ಎಲ್ಲವೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಬರುತ್ತಿದ್ದವು.

ಅಪ್ಪ ಅಡುಗೆಮನೆಯಿಂದ ನೀರಿನ ತಂಬಿಗೆ ಹಿಡಿದು ಬಂದವನು ಅಲ್ಲೇ ನಿಂತ. ಅವನ ಮುಖ ನೋಡಿದೆ. ಅದರಲ್ಲಿ ದುಃಖ ಇರಲಿಲ್ಲ. ಹಸಿದವನು ಬೇರೆಯವರ ಎಲೆ ನೋಡುವ ಹಾಗೆ ಚಿಗವ್ವನನ್ನು ನೋಡುತ್ತಿದ್ದ. ನನಗೂ ಅದೇ ಆಗುತ್ತಿತ್ತು. ಹೊಟ್ಟೆಕಿಚ್ಚು. ತಿಂಗಳುಗಳ ನಂತರ ನನ್ನೊಳಗೆ ಅಲುಗಿದ್ದು ಅದೊಂದೇ.

ಚಿಗವ್ವ ಸುಧಾರಿಸಿಕೊಂಡಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಗುಣವಾದ ಮಗಳ ಮುಂದೆ ಹೀಗೆ ಅಳಬಾರದಿತ್ತು, ಅಪಶಕುನ, ತಪ್ಪಾಯಿತು ಎಂದು ನಾಚಿಕೊಂಡು ನೀರಿಗೆ ಕೈ ಚಾಚಿದಳು.

ಅಪ್ಪ ತಂಬಿಗೆ ಕೊಡಲಿಲ್ಲ. ಅವಳ ಎದುರಿಗೆ ನೆಲದ ಮೇಲೆ ಕೂತ, ನನ್ನನ್ನೂ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡ.

‘ನಿಲ್ಲಸಬ್ಯಾಡ ಕಲಾವತಿ’ ಎಂದ. ‘ಇನ್ನ ಸ್ವಲ್ಪ ಅಳು. ನಾವು ನೋಡ್ತೀವಿ.’